ಒದ್ದೆ ವೃತ್ತದಲ್ಲಿ ಇಪ್ಪತ್ತೊಂದು ವರ್ಷ

ಟೈರು ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಡಾಂಬರಿನ ಒಂದು ದೊಡ್ಡ ವೃತ್ತವಿದೆ. ನಡುವಿನಿಂದ ಅಂಚಿಗೆ ಐವತ್ತು ಮೀಟರ್. ಒಳ ಅಂಚಿನ ಉದ್ದಕ್ಕೂ ನೀರಿನ ಕೊಳವೆ ಹಾಸಿದ್ದಾರೆ. ಬೆಳಗ್ಗೆ ಎಂಟಕ್ಕೆ ನಲ್ಲಿ ತಿರುವಿದರೆ ಸಂಜೆ ನಾಲ್ಕರವರೆಗೆ ಅದು ಚಿಮ್ಮುತ್ತಲೇ ಇರುತ್ತದೆ. ಎಂಥ ಬಿಸಿಲಿನಲ್ಲೂ ಕೆಲಸದ ದಿನ ಆ ನೆಲ ಒಣಗಿದ್ದನ್ನು ಯಾರೂ ನೋಡಿಲ್ಲ. ಅಲ್ಲಿ ಇಪ್ಪತ್ತೊಂದು ವರ್ಷ ಕಾರು ಓಡಿಸಿದ ಹೆಂಗಸೊಬ್ಬಳಿದ್ದಳು.

ಅವಳು ಓಡಿಸುತ್ತಿದ್ದದ್ದು ರೇಸ್ ಕಾರು. ರೇಸ್ ಕಾರು ಅಂದ ತಕ್ಷಣ ಜನ ಬಾವುಟ, ಬಹುಮಾನ, ಕೂಗಾಟ ಎಲ್ಲ ನೆನೆಸಿಕೊಳ್ಳುತ್ತಾರೆ. ಅವಳ ಪಾಲಿಗೆ ಅದ್ಯಾವುದೂ ಬಂದಿರಲಿಲ್ಲ. ಹೊಸದಾಗಿ ರೇಸ್ ಕಲಿಯುವವರಿಗಾಗಿ ಕಾರ್ಖಾನೆ ಮಳೆಗಾಲದ ಟೈರು ತಯಾರಿಸುತ್ತಿತ್ತು. ಅವು ಪಂದ್ಯದ ಕಾರಿಗೆ ಹೋಗುವ ಮುಂಚೆ ಅವಳ ಕೈಯಲ್ಲಿ ಪರೀಕ್ಷೆ ಆಗಬೇಕಿತ್ತು. ಸುತ್ತಿನಿಂದ ಸುತ್ತಿಗೆ ಚೂರು ಚೂರೇ ವೇಗ ಏರಿಸುತ್ತಾ ಹೋಗುವುದು, ಟೈರು ಯಾವ ವೇಗಕ್ಕೆ ನೆಲ ಬಿಡುತ್ತದೆ ಎಂದು ನೋಡುವುದು, ಬಿಡುವಾಗ ಹೇಗೆ ಬಿಟ್ಟಿತು ಅನ್ನುವುದಕ್ಕೆ ಹತ್ತಕ್ಕೆ ಇಷ್ಟು ಎಂದು ಅಂಕ ಬರೆಯುವುದು. ಆಮೇಲೆ ಟೈರು ಬದಲಾಯಿಸಿ ಮತ್ತೆ ಅದೇ. ಒಂದು ಸುತ್ತಿಗೆ ಹದಿನೈದು, ಹದಿನಾರು ಸೆಕೆಂಡು. ದಿನಕ್ಕೆ ನಾನೂರು ಸುತ್ತು, ಅರ್ಧ ಎಡಕ್ಕೆ, ಅರ್ಧ ಬಲಕ್ಕೆ. ಕೆಲಸದವರು ಅವಳಿಗೆ ಬುಗುರಿ ಎಂದು ಹೆಸರಿಟ್ಟಿದ್ದರು.

ಅವಳ ಅತ್ತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. "ಗಾಣದೆತ್ತು ಸುತ್ತಿದ್ರೆ ಎಣ್ಣೆನಾದ್ರೂ ಬರುತ್ತೆ. ನೀನು ಸುತ್ತಿದ್ರೆ ಏನಮ್ಮಾ ಬರುತ್ತೆ?"

"ಕತ್ತು ನೋವು ಬರುತ್ತೆ ಅತ್ತೆ," ಅನ್ನುತ್ತಿದ್ದಳು ಅವಳು, ಎಣ್ಣೆ ಬಾಟಲಿ ಹುಡುಕುತ್ತಾ.

ಸುಳ್ಳಲ್ಲ. ವೃತ್ತದಲ್ಲಿ ಕಾರು ಸುತ್ತುವಾಗ ದೇಹ ಹೊರಕ್ಕೆ ಎಳೆದ ಹಾಗಾಗುತ್ತದೆ. ಮಿತಿಯ ವೇಗದಲ್ಲಿ ತಲೆಯಷ್ಟೇ ಭಾರದ ಕಲ್ಲನ್ನು ಯಾರೋ ಕಿವಿಗೆ ಕಟ್ಟಿ ಪಕ್ಕಕ್ಕೆ ಜಗ್ಗಿದಂತೆ. ಅದನ್ನು ಕತ್ತು ತಡೆದುಕೊಳ್ಳಬೇಕು, ದಿನಾ, ವರ್ಷಗಟ್ಟಲೆ. ನಲವತ್ತಕ್ಕೇ ಅವಳು ಹಾಸಿಗೆಯಿಂದ ಏಳುವಾಗ ಮೊದಲು ಕೈಯಿಂದ ತಲೆ ಎತ್ತಿಕೊಂಡು, ಆಮೇಲೆ ಮೈ ಎತ್ತುತ್ತಿದ್ದಳು.

ಈ ಕೆಲಸಕ್ಕೆ ಅವಳು ಬಂದದ್ದು ಅಪ್ಪನ ಮೂಲಕ. ಕೊಳವೆ ಹಾಕುವುದಕ್ಕೆ ಮುಂಚೆ ವೃತ್ತಕ್ಕೆ ನೀರು ಬಿಡುತ್ತಿದ್ದದ್ದು ಟ್ಯಾಂಕರ್ ಲಾರಿ. ಅದರ ಡ್ರೈವರು ಅಪ್ಪ. ಹತ್ತೊಂಬತ್ತರ ವಯಸ್ಸಿನಲ್ಲಿ ಅವಳು ಮಧ್ಯಾಹ್ನ ಅಪ್ಪನಿಗೆ ಊಟದ ಡಬ್ಬಿ ಕೊಟ್ಟು, ಪಕ್ಕದ ಸೀಟಿನಲ್ಲಿ ಒಂದೆರಡು ಸುತ್ತು ಕೂತು ಬರುತ್ತಿದ್ದಳು. ಮುಕ್ಕಾಲು ತುಂಬಿದ ಟ್ಯಾಂಕರಿಗೆ ಅಪ್ಪ ಬ್ರೇಕ್ ಒತ್ತಿದರೆ ಒಳಗಿನ ನೀರೆಲ್ಲ ಓಡಿ ಬಂದು ಬೆನ್ನ ಹಿಂದಿನ ತಗಡಿಗೆ ಧೊಪ್ಪೆಂದು ಬಡಿಯುತ್ತಿತ್ತು. ನಿಂತಿದ್ದ ಲಾರಿ ಇನ್ನೊಂದು ಗೇಣು ಮುಂದಕ್ಕೆ ಹೋಗುತ್ತಿತ್ತು.

"ಗಾಡಿ ನಿಂತ್ರೂ ನೀರು ನಿಲ್ಲಲ್ಲ ಮಗಳೇ," ಅನ್ನುತ್ತಿದ್ದ ಅಪ್ಪ. "ನೀರಿಗೆ ಹೇಳಿ ನಿಲ್ಲಿಸ್ಬೇಕು. ಮೊದಲು ಮೆಲ್ಲಗೆ ಒತ್ತು, ಅದು ಮುಂದೆ ಬರೋಕೆ ಬಿಡು, ಆಮೇಲೆ ಜೋರಾಗಿ ಒತ್ತು."

ಅಪ್ಪ ಜ್ವರ ಬಂದು ಮಲಗಿದ ಒಂದು ವಾರ ಲಾರಿ ಓಡಿಸಿದವಳು ಅವಳೇ. ಆ ವಾರ ತಗಡಿಗೆ ನೀರು ಬಡಿದ ಸದ್ದು ಕೇಳಲಿಲ್ಲ. ಅದನ್ನು ಗಮನಿಸಿದವರು ಒಬ್ಬರೇ, ಆಗಿನ ಹಿರಿಯ ಪರೀಕ್ಷಾ ಚಾಲಕರು. ಆ ಬಯಲಿನಲ್ಲಿ ಅವರಷ್ಟು ವೇಗವಾಗಿ ಯಾರೂ ಕಾರು ಓಡಿಸುತ್ತಿರಲಿಲ್ಲ. ಆದರೂ ಎಲ್ಲರೂ ಕರೆಯುತ್ತಿದ್ದದ್ದು ನಿಧಾನಿ ಮಾಮ ಎಂದು. ಕಲಿಯಲು ಬಂದವರ ಪಕ್ಕ ಕೂತು ಅವರು ಹೇಳುತ್ತಿದ್ದದ್ದು ಅದೊಂದೇ ಮಾತು: "ನಿಧಾನ. ಕೈ ನಿಧಾನ. ಕಾಲು ನಿಧಾನ. ಕಾರು ತಾನೇ ಬೇಗ ಹೋಗುತ್ತೆ."

ಅವರು ಅವಳನ್ನು ಕರೆದು ಕಾರಿಗೆ ಕೂರಿಸಿದರು. ವೃತ್ತದ ಪಕ್ಕದ ಸಣ್ಣ ರೇಸ್ ಹಾದಿಯಲ್ಲಿ ಎರಡು ವರ್ಷ ಕಲಿಸಿದರು. ತಿರುವಿನ ಮುಂಚೆ ನೇರ ರಸ್ತೆಯಲ್ಲೇ ಬ್ರೇಕಿನ ಬಹುಪಾಲು ಕೆಲಸ ಮುಗಿಸಬೇಕು. ಸ್ಟೇರಿಂಗ್ ತಿರುಗಿಸುತ್ತಾ ಬಂದ ಹಾಗೆ ಬ್ರೇಕನ್ನು ಸಡಿಲ ಬಿಡುತ್ತಾ ಬರಬೇಕು, ಒಂದು ಕೊಟ್ಟು ಒಂದು ತೆಗೆದುಕೊಂಡ ಹಾಗೆ. ತಿರುವಿನ ಒಳಮೂಲೆ ದಾಟಿ ರಸ್ತೆ ನೇರವಾಗುತ್ತಾ ಬಂದಂತೆ ಆಕ್ಸಿಲರೇಟರ್ ಒತ್ತಬೇಕು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಟೈರಿನದೂ ಅದೇ ನ್ಯಾಯ," ಅನ್ನುತ್ತಿದ್ದರು ಮಾಮ. "ಟೈರು ನೆಲ ಮುಟ್ಟೋದು ಅಂಗೈಯಗಲ. ಆ ಅಂಗೈ ಹಿಡಿದುಕೊಳ್ಳೋ ಶಕ್ತಿ ಇಷ್ಟೇ ಅಂತ ಇದೆ. ಅದರಲ್ಲೇ ಬ್ರೇಕೂ ಆಗಬೇಕು, ತಿರುವೂ ಆಗಬೇಕು. ಎರಡನ್ನೂ ಪೂರ್ತಿ ಕೇಳಿದ್ರೆ ಎರಡೂ ಕೊಡಲ್ಲ, ಕೈ ಬಿಡುತ್ತೆ ಅಷ್ಟೇ."

ಇನ್ನೊಂದು ಪಾಠವನ್ನು ಅವರು ಬಾಯಲ್ಲಿ ಹೇಳಲಿಲ್ಲ, ಮಾಡಿ ತೋರಿಸಿದರು. ತಿರುವಿನ ನಡುವೆ, ಟೈರಿನ ಹಿಡಿತ ತುದಿ ಮುಟ್ಟಿದ್ದಾಗ, ಆಕ್ಸಿಲರೇಟರ್‌ನಿಂದ ಕಾಲನ್ನು ಫಕ್ಕನೆ ಎತ್ತಿದರು. ಹಿಂದಿನ ಭಾರ ಮುಂದಕ್ಕೆ ಓಡಿತು. ಹಿಂದಿನ ಚಕ್ರಗಳು ಹಗುರಾದವು, ಹಗುರಾದವು ಜಾರಿದವು, ಕಾರಿನ ಬಾಲ ಮೂತಿಯನ್ನು ಹಿಂದೆ ಹಾಕಿ ಮುಂದೆ ಬಂತು. ಕಾರು ಎರಡು ಸಲ ಗಿರ್ರೆಂದು ತಿರುಗಿ ಹುಲ್ಲಿನ ಮೇಲೆ ನಿಂತಿತು.

"ಹೆದರಿದವನು ಮೊದಲು ಮಾಡೋ ಕೆಲಸ ಇದು," ಅಂದರು ಮಾಮ. "ಕಾಲು ಎತ್ತೋದು. ಅದಕ್ಕೇ ಹೆದರಬಾರದು ಅನ್ನೋದು. ಧೈರ್ಯ ಬೇಕು ಅಂತಲ್ಲ, ಭಾರ ಎಲ್ಲಿಗೆ ಓಡುತ್ತೆ ಅಂತ ಗೊತ್ತಿರಬೇಕು."

ಅವಳು ಅದನ್ನು ಮೈಯಲ್ಲೇ ಇಳಿಸಿಕೊಂಡಳು. ಮದುವೆಯಾದಳು. ಗಂಡ ಕನ್ನಡಕದ ಅಂಗಡಿ ಇಟ್ಟವನು, ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕಸುಬು, ಮಾತು ಕಡಿಮೆ. ಅಪ್ಪ ತೀರಿಕೊಂಡ. ಮಾಮ ಮಂಡಿ ನೋವೆಂದು ಕೆಲಸ ಬಿಟ್ಟರು. ಅವಳು ಮಾತ್ರ ಎಡಕ್ಕೆ ಇನ್ನೂರು, ಬಲಕ್ಕೆ ಇನ್ನೂರು ಎಂದು ಸುತ್ತುತ್ತಲೇ ಇದ್ದಳು. ಮೊದಲ ಹತ್ತು ವರ್ಷ ಆ ಕೆಲಸ ಅವಳಿಗೆ ಇಷ್ಟವಿತ್ತು. ಆಮೇಲಿನ ಐದು ವರ್ಷ ಅಭ್ಯಾಸವಾಗಿತ್ತು. ಅಲ್ಲಿಂದ ಮುಂದೆ ಅದೇನೆಂದು ಅವಳು ಯೋಚಿಸಲು ಹೋಗಲಿಲ್ಲ. ಸಂಜೆ ಮನೆಗೆ ಬಂದು ಚಪ್ಪಲಿ ಬಿಚ್ಚಿ, ಅಡುಗೆಮನೆಯ ಕಟ್ಟೆಗೆ ಒರಗಿ ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಅವಳ ದಿನದ ಯೋಚನೆಯೆಲ್ಲ ಮುಗಿದಿರುತ್ತಿತ್ತು.

ತಲೆ ತಿರುಗುವುದು ಶುರುವಾದದ್ದು ಕೆಲಸಕ್ಕೆ ಸೇರಿದ ಇಪ್ಪತ್ತನೆಯ ವರ್ಷದಲ್ಲಿ, ಅದೂ ಕಾರಿನಲ್ಲಲ್ಲ. ಭಾನುವಾರ ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದಳು. ಹಗ್ಗಕ್ಕೆ ಕ್ಲಿಪ್ಪು ಹಾಕಲು ತಲೆ ಎತ್ತಿದಳು. ಎದುರಿನ ಗೋಡೆ ಮೆಲ್ಲಗೆ ಎಡಕ್ಕೆ ಹೊರಟಿತು. ಹೊರಟ ಗೋಡೆ ನಿಲ್ಲಲಿಲ್ಲ. ಅವಳು ಒದ್ದೆ ಹೊದಿಕೆಯನ್ನು ಹಿಡಿದುಕೊಂಡೇ ಕೆಳಗೆ ಕೂತಳು. ಅತ್ತೆ ಬಂದು ನೋಡಿ, "ಬಟ್ಟೆ ಒಣಗಿಸೋಕೆ ಹೋಗಿ ನೀನೇ ಒಣಗೋಕೆ ಕೂತ್ಯಾ?" ಅಂದರು. ಮುಖ ನೋಡಿದ ಮೇಲೆ ಮಾತು ನಿಲ್ಲಿಸಿ ನೀರು ತಂದುಕೊಟ್ಟರು.

ಕಿವಿಯ ಡಾಕ್ಟರು ಅವಳನ್ನು ಮೇಜಿನ ಮೇಲೆ ಆ ಕಡೆ ಈ ಕಡೆ ಮಲಗಿಸಿ ಎಬ್ಬಿಸಿ, ಕಣ್ಣಗುಡ್ಡೆಯ ಓಡಾಟ ನೋಡಿದರು.

"ಕಿವಿ ಒಳಗೆ ಸಣ್ಣ ಸಣ್ಣ ಕೊಳವೆ ಇವೆಯಮ್ಮ, ಅದರಲ್ಲಿ ನೀರಿದೆ," ಅಂದರು. "ತಲೆ ತಿರುಗಿಸಿದಾಗ ಆ ನೀರು ಸ್ವಲ್ಪ ತಡವಾಗಿ ಹಿಂದೆ ಬರುತ್ತೆ. ಆ ತಡ ನೋಡಿಕೊಂಡೇ ಮಿದುಳು ನೀವು ತಿರುಗ್ತಿದ್ದೀರಿ ಅಂತ ತಿಳ್ಕೊಳ್ಳುತ್ತೆ. ನಿಮ್ಮ ಎಡಗಿವಿ ಈಗ ಸರಿಯಾಗಿ ವರದಿ ಕೊಡ್ತಿಲ್ಲ. ಏನು ಕೆಲಸ ಮಾಡ್ತೀರಿ?"

"ಡ್ರೈವಿಂಗು," ಅಂದಳು ಅವಳು.

"ನಾನು ಹೇಳೋವರೆಗೂ ಬೇಡ."

ಅವಳು ತಲೆಯಾಡಿಸಿದಳು. ತಲೆಯಾಡಿಸಿದ್ದಕ್ಕೂ ಗೋಡೆ ಸ್ವಲ್ಪ ಓಡಿತು. ಮನೆಗೆ ಬಂದು ಗಂಡನಿಗೆ, "ಕಿವಿಗೆ ನೀರು ಹೋಗಿದೆಯಂತೆ, ಗುಳಿಗೆ ಕೊಟ್ಟಿದ್ದಾರೆ," ಅಂದಳು. ಸೋಮವಾರ ಎಂದಿನಂತೆ ಹೆಲ್ಮೆಟ್ ಹಾಕಿಕೊಂಡಳು.

ಯಾಕೆ ಹಾಗೆ ಮಾಡಿದಳೆಂದು ಆಮೇಲೆ ಎಷ್ಟೋ ಜನ ಕೇಳಿದರು. ಅವಳ ಬಳಿ ದೊಡ್ಡ ಕಾರಣವೇನೂ ಇರಲಿಲ್ಲ. ರಜೆ ಅರ್ಜಿ, ವೈದ್ಯಕೀಯ ತಪಾಸಣೆ, ಬದಲಿ ಚಾಲಕನ ಹುಡುಕಾಟ, ಎಲ್ಲರಿಗೂ ಮತ್ತೆ ಮತ್ತೆ ವಿವರಣೆ. ಅದನ್ನೆಲ್ಲ ನೆನೆಸಿಕೊಂಡರೆ ಸುತ್ತುವುದೇ ಸುಲಭ ಅನ್ನಿಸಿತು. ದಣಿದವರು ಎಷ್ಟೋ ಸಲ ಇರುವುದನ್ನೇ ಮುಂದುವರಿಸಿಬಿಡುತ್ತಾರೆ. ನಿಲ್ಲಿಸುವುದಕ್ಕೆ ಬೇಕಾದ ತ್ರಾಣ ಅವರಲ್ಲಿ ಉಳಿದಿರುವುದಿಲ್ಲ. ಕಾರಿನಲ್ಲಿ ಕೂತು ದೃಷ್ಟಿಯನ್ನು ದೂರದ ಒಂದು ಕಂಬಕ್ಕೆ ನೆಟ್ಟರೆ ತಲೆ ಸುಮ್ಮನಿರುತ್ತಿತ್ತು. ಮೂರು ತಿಂಗಳು ಹಾಗೇ ಹೋಯಿತು.

ಆಗ ಬಂದದ್ದು ಹೊಸ ಟೈರು. ರಬ್ಬರಿನ ಮಿಶ್ರಣ ಬದಲಾಯಿಸಿ ಮಾಡಿದ ಮೂರನೆಯ ಪ್ರಯತ್ನ ಅದು. ಪರೀಕ್ಷೆಯ ಹೊಣೆ ಹೊತ್ತಿದ್ದ ಇಂಜಿನಿಯರ್ ಅವಳಿಗಿಂತ ಏಳೆಂಟು ವರ್ಷ ಚಿಕ್ಕವರು. ಯಾರು ಏನು ಕೇಳಿದರೂ ಗೆರೆ ಎಳೆದು ಪಾಠ ಮಾಡುವ ಅಭ್ಯಾಸವಿದ್ದದ್ದರಿಂದ ಎಲ್ಲರೂ ಅವರನ್ನು ಗ್ರಾಫ್ ಮೇಷ್ಟ್ರು ಅನ್ನುತ್ತಿದ್ದರು. ಆ ದಿನ ಅವರ ಮುಖ ಅರಳಿತ್ತು.

"ಅಕ್ಕಾ, ಎಪ್ಪತ್ತೇಳಕ್ಕೆ ಹೋದ್ರೂ ಹಿಡಿದಿದೆ! ಹಳೆಯದು ಎಪ್ಪತ್ತಮೂರಕ್ಕೇ ಬಿಡ್ತಿತ್ತು. ವೇಗ ಎರಡು ಪಟ್ಟಾದ್ರೆ ಟೈರು ಹಿಡಿಯಬೇಕಾದ್ದು ನಾಲ್ಕು ಪಟ್ಟು, ನಿಮಗೆ ಗೊತ್ತಲ್ಲ. ಈ ನಾಲ್ಕು ಕಿಲೋಮೀಟರ್ ಸಣ್ಣದಲ್ಲ."

ಅವಳು ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎರಡು ಸಲ ಓಡಿಸಿದ್ದಳು, ಎರಡು ಸಲವೂ ಎಪ್ಪತ್ತೇಳು ದಾಟಿದ ಮರುಗಳಿಗೆ ಕಾರು ಗಿರಗಿರ ತಿರುಗಿತ್ತು. ಅಂಕದ ಹಾಳೆಯಲ್ಲಿ ಅವಳು ನಾಲ್ಕು ಎಂದು ಬರೆದಳು.

ಮೇಷ್ಟ್ರು ಹಾಳೆ ನೋಡಿ, "ಹತ್ತಕ್ಕೆ ನಾಲ್ಕಾ?" ಅಂದರು.

"ಬಿಡೋ ಮುಂಚೆ ಏನೂ ಹೇಳಲ್ಲ ಇದು."

ಅವಳ ಮಾತಿನ ಅರ್ಥ ಮೇಷ್ಟ್ರಿಗೆ ಗೊತ್ತಿತ್ತು. ತಿರುವಿನಲ್ಲಿ ಟೈರಿನ ಅಂಗೈ ಒಮ್ಮೆಲೇ ಜಾರುವುದಿಲ್ಲ. ಅಂಗೈಯ ಹಿಂಭಾಗ ಮೊದಲು ಜಾರುತ್ತದೆ, ಮುಂಭಾಗ ಇನ್ನೂ ಹಿಡಿದಿರುತ್ತದೆ. ಆಗ ಸ್ಟೇರಿಂಗ್ ಚಕ್ರ ಕೈಯಲ್ಲಿ ಹಗುರವಾಗುತ್ತದೆ. ಓಡಿಸುವವನಿಗೆ ಅದೇ ಎಚ್ಚರಿಕೆ. ಪಳಗಿದವರು ಅಷ್ಟರಲ್ಲೇ ಕೈ ಒಂದಿಷ್ಟು ಹಿಂದೆ ತರುತ್ತಾರೆ, ಕಾರು ಉಳಿಯುತ್ತದೆ. ಈ ಹೊಸ ಟೈರು ಕೊನೆಯವರೆಗೂ ಬಿಗಿಯಾಗಿ ಹಿಡಿದು, ಇಡೀ ಅಂಗೈಯನ್ನು ಒಟ್ಟಿಗೇ ಎತ್ತಿಬಿಡುತ್ತಿತ್ತು. ಹಾಗೆಂದು ಅವಳಿಗೆ ಅನ್ನಿಸಿತ್ತು.

ಮೇಷ್ಟ್ರು ಕಂಪ್ಯೂಟರಿನಲ್ಲಿ ಗೆರೆಗಳನ್ನು ಹಿಗ್ಗಿಸಿ ನೋಡಿದರು. ಆಮೇಲೆ ಸಂಕೋಚದಿಂದ, "ಅಕ್ಕಾ, ಎರಡು ಸಲಾನೂ ನಿಮ್ಮ ಕಾಲು ಎದ್ದಿದೆ," ಅಂದರು.

"ಯಾವಾಗ?"

"ಅದೇ ಗೊತ್ತಾಗ್ತಿಲ್ಲ. ಪೆಡಲ್ ಗೆರೆ, ಜಾರಿದ ಗೆರೆ ಎರಡೂ ಒಂದರ ಮೇಲೊಂದು ಬಿದ್ದಿವೆ. ಜಾರಿದ್ದಕ್ಕೆ ಕಾಲು ಎತ್ತಿದ್ರೋ, ಕಾಲು ಎತ್ತಿದ್ದಕ್ಕೆ ಜಾರಿತೋ..."

ಇಪ್ಪತ್ತು ವರ್ಷದಲ್ಲಿ ತಿರುವಿನ ನಡುವೆ ಅವಳ ಕಾಲು ಎದ್ದದ್ದು ಅದೇ ಮೊದಲು. ತಲೆ ತಿರುಗಿ ಕಾಲು ಎದ್ದಿತೇ? ಕಾಲು ಎದ್ದದ್ದರಿಂದ ಭಾರ ಮುಂದಕ್ಕೆ ಓಡಿ ಬಾಲ ಹೊರಗೆ ಬಂತೇ? ಹಾಗಿದ್ದರೆ ಟೈರಿನ ತಪ್ಪು ಏನೂ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಅವಳು ಒಳ್ಳೆಯ ಟೈರಿಗೆ ನಾಲ್ಕು ಕೊಟ್ಟು ಕೂತಿದ್ದಾಳೆ. ಇನ್ನೊಂದು ಕಡೆಯಿಂದ ಯೋಚಿಸಿದರೆ ಭಯವಾಗುತ್ತಿತ್ತು. ಅವಳು ಅನುಮಾನಕ್ಕೆ ಬಿದ್ದು ನಾಲ್ಕನ್ನು ಎಂಟು ಮಾಡಿದರೆ, ಮುಂದಿನ ಮಳೆಯ ಪಂದ್ಯದಲ್ಲಿ ನಿನ್ನೆ ಮೊನ್ನೆ ಕಲಿತವರೊಬ್ಬರು ಆ ಟೈರನ್ನು ನಂಬಿ ತಿರುವಿಗೆ ಬರುತ್ತಾರೆ. ಅವರಿಗೆ ಮುನ್ಸೂಚನೆ ಕೊಡಲು ಯಾರೂ ಇರುವುದಿಲ್ಲ, ಟೈರೂ ಸೇರಿ.

ಎರಡು ದಿನ ಹಾಳೆಯನ್ನು ಹಾಗೇ ಇಟ್ಟಳು. ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುವ ಬದಲು ಗಂಡನ ಅಂಗಡಿಗೆ ಹೋದಳು. ಗಿರಾಕಿ ಇರಲಿಲ್ಲ. ಗಂಡ ಒಂದು ಗಾಜಿನ ಅಂಚು ಉಜ್ಜುತ್ತಿದ್ದ.

"ರೀ, ಒಂದು ಮಾತು. ಯಾರಾದ್ರೂ ಬಂದು ಗಾಜು ಸರಿಯಿಲ್ಲ, ಎಲ್ಲ ಅಲ್ಲಾಡುತ್ತೆ ಅಂದ್ರೆ ಏನು ಮಾಡ್ತೀರಿ?"

"ಗಾಜು ನೋಡ್ತೀನಿ."

"ಗಾಜು ಸರಿ ಇದೆ ಅನ್ನಿಸಿದ್ರೆ?"

"ಅದೇ ಗಾಜನ್ನ ಇನ್ನೊಂದು ಕಣ್ಣಿಗೆ ಹಾಕಿ ನೋಡ್ತೀನಿ. ಅಲ್ಲೂ ಅಲ್ಲಾಡಿದ್ರೆ ಗಾಜು ಕೆಟ್ಟಿದೆ. ಅಲ್ಲಾಡದಿದ್ರೆ ಕಣ್ಣು ಕೆಟ್ಟಿದೆ." ಅವನು ಯಂತ್ರ ನಿಲ್ಲಿಸಿದ. "ಯಾರ ಕಣ್ಣು?"

ಅವಳು ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಡಾಕ್ಟರು ಬೇಡ ಅಂದದ್ದನ್ನೂ ಹೇಳಿದಳು. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ಗಾಜನ್ನು ಬಟ್ಟೆಯಲ್ಲಿ ಒರೆಸುತ್ತಾ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾ, "ಮೂರು ತಿಂಗಳು," ಅಂದ. "ದಿನಾ ಬೆಳಗ್ಗೆ ನಾನೇ ಬಸ್ಸಿನವರೆಗೂ ಬಿಟ್ಟು ಬಂದೆ."

"ಹೂಂ."

"ಹೋಗಿ ಹೇಳು. ಇವತ್ತೇ ಹೇಳು."

ಗ್ರಾಫ್ ಮೇಷ್ಟ್ರ ಕೋಣೆಯಲ್ಲಿ ಕುರ್ಚಿ ಇದ್ದರೂ ಅವಳು ನಿಂತೇ ಹೇಳಿದಳು. ಮೇಷ್ಟ್ರ ಮುಖದಲ್ಲಿ ಮೊದಲು ಗಾಬರಿ ಬಂತು, ಆಮೇಲೆ ಸಿಟ್ಟು, ಕೊನೆಗೆ ಲೆಕ್ಕ ಹಾಕುವವರ ಸುಸ್ತು.

"ಅಕ್ಕಾ, ಮೂರು ತಿಂಗಳಲ್ಲಿ ನೀವು ಹನ್ನೊಂದು ಟೈರಿಗೆ ಅಂಕ ಕೊಟ್ಟಿದ್ದೀರಿ. ಈಗ ಅದ್ರಲ್ಲಿ ಯಾವುದನ್ನ ನಂಬಲಿ? ಈ ನಾಲ್ಕನ್ನ ಏನು ಮಾಡಲಿ? ನೀವು ಇದನ್ನ ಹೇಳಿದ ಮೇಲೆ ಇದು ನಾಲ್ಕೇ ಅಲ್ಲ."

"ಅದಕ್ಕೇ ಬಂದಿದ್ದು. ನಿಧಾನಿ ಮಾಮನ್ನ ಕರೆಸಿ. ಏನೂ ಹೇಳಬೇಡಿ. ಯಾವ ಟೈರು ಯಾವುದು ಅಂತಾನೂ ಹೇಳಬೇಡಿ."

"ಅವರಿಗೆ ಅರವತ್ತೆಂಟು!"

"ಮಂಡಿ ಅರವತ್ತೆಂಟು. ಅವರ ಕೈಗೆ ಅಷ್ಟು ವಯಸ್ಸಾಗಿಲ್ಲ."

ಅವಳು ಹೆಲ್ಮೆಟ್ಟು, ಕೈಗವಸು, ಮೈದಾನದ ಪಾಸು ಮೂರನ್ನೂ ಮೇಜಿನ ಮೇಲಿಟ್ಟಳು. ಮೇಷ್ಟ್ರು ಪಾಸನ್ನು ಮಾತ್ರ ತೆಗೆದುಕೊಂಡು ಡ್ರಾಯರಿನಲ್ಲಿ ಹಾಕಿದರು. ಉಳಿದೆರಡನ್ನು ಏನು ಮಾಡಬೇಕೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಅವು ಮೇಜಿನ ಮೇಲೇ ಉಳಿದವು.

ವೈದ್ಯರ ಚೀಟಿ, ಮೇಲಿನವರ ಒಪ್ಪಿಗೆ ಎಲ್ಲ ಮುಗಿದು ನಿಧಾನಿ ಮಾಮ ಬಂದದ್ದು ಮುಂದಿನ ವಾರ. ಕೋಲು ಊರಿಕೊಂಡು ಬಂದವರು ಅವಳನ್ನು ನೋಡಿ, "ಏನೇ ಬುಗುರಿ, ಒಳಗಿರಬೇಕಾದವಳು ಹೊರಗೆ ಕೂತಿದ್ದೀಯ?" ಅಂದರು.

"ಮೈ ಹುಷಾರಿಲ್ಲ ಮಾಮ."

ಅವರು ಒಂದು ಗಳಿಗೆ ಅವಳ ಮುಖ ನೋಡಿದರು. ಕಾರಿನೊಳಗೆ ಮೈ ತೂರಿಸಲು ಇಬ್ಬರು ಹಿಡಿಯಬೇಕಾಯಿತು. ಬಲಗಾಲನ್ನು ಕೈಯಿಂದಲೇ ಎತ್ತಿ ಪೆಡಲ್ ಮೇಲಿಟ್ಟುಕೊಂಡರು.

ಮೂರು ಜೊತೆ ಟೈರುಗಳಿಗೆ ಸೀಮೆಸುಣ್ಣದಲ್ಲಿ ಒಂದು, ಎರಡು, ಮೂರು ಎಂದು ಬರೆದಿದ್ದರು. ಒಂದನೆಯದು ಹಳೆಯ ಟೈರು. ಎರಡನೆಯದು ಈ ಹೊಸದು. ಮೂರನೆಯದು ಅವಳು ಹೋದ ತಿಂಗಳು ಎಂಟು ಅಂಕ ಕೊಟ್ಟು ಕಳಿಸಿದ್ದು. ಅವಳು ಹುಲ್ಲಿನ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಳು. ಅಷ್ಟು ವರ್ಷದಲ್ಲಿ ಆ ವೃತ್ತವನ್ನು ಹೊರಗಿನಿಂದ ಕೂತು ನೋಡಿದ್ದೇ ಇಲ್ಲ. ಹೊರಗಿನಿಂದ ಅದು ಚಿಕ್ಕದಾಗಿ ಕಂಡಿತು.

ಒಂದನೆಯ ಜೊತೆಯಲ್ಲಿ ಮಾಮ ಹತ್ತು ಸುತ್ತು ಸುತ್ತಿದರು. ಕಾರಿನ ಮೂತಿ ಹೊರಗೆ ಹೊರಟಾಗ ಅದನ್ನು ಒಳಗೆ ತಂದರು, ಹಾಯಾಗಿ ನಿಲ್ಲಿಸಿದರು. ಎರಡನೆಯ ಜೊತೆ ಹಾಕಿದರು. ಎಪ್ಪತ್ತು, ಎಪ್ಪತ್ತಮೂರು, ಎಪ್ಪತ್ತಾರು. ಮೇಷ್ಟ್ರು ಪಕ್ಕದಲ್ಲಿ ನಿಂತು ಕೈಯಲ್ಲಿದ್ದ ಪರದೆ ನೋಡುತ್ತಾ ಅಂಕಿ ಹೇಳುತ್ತಿದ್ದರು. ಎಪ್ಪತ್ತೇಳು ಅಂದದ್ದೇ ತಡ, ಕಾರು ಯಾರೋ ಕಿವಿ ಹಿಡಿದು ತಿರುಗಿಸಿದಂತೆ ತಿರುಗಿತು. ನೀರು ಎರಡಾಳೆತ್ತರ ಎದ್ದಿತು. ಒಂದು ಸುತ್ತು, ಎರಡು ಸುತ್ತು, ಹಿಂದುಮುಂದಾಗಿ ಹುಲ್ಲಿಗೆ ಬಂದು ನಿಂತಿತು.

ಎಲ್ಲರೂ ಓಡಿದರು. ಅವಳು ಏಳಲು ಹೋದಳು, ಭೂಮಿ ಓಲಾಡಿತು, ಕುರ್ಚಿ ಹಿಡಿದು ಅಲ್ಲೇ ಉಳಿದಳು. ಮಾಮ ಕಿಟಕಿಯಿಂದ ಕೈ ಹೊರಗೆ ಹಾಕಿ ಏನೂ ಆಗಿಲ್ಲವೆಂದು ಆಡಿಸಿದ ಮೇಲೆ ಅವಳ ಉಸಿರು ಬಂತು.

"ಕಾಲು?" ಎಂದು ಅವಳು ಮೇಷ್ಟ್ರನ್ನು ಕೂಗಿ ಕೇಳಿದಳು. "ಕಾಲು ಎತ್ತಿದ್ರಾ?"

ಮೇಷ್ಟ್ರು ಪರದೆ ನೋಡಿದರು. "ಇಲ್ಲ. ಗೆರೆ ಎಳೆದ ಹಾಗಿದೆ. ಕಾರು ತಿರುಗಿ ಮುಗಿಯೋವರೆಗೂ ಕಾಲು ಅಲ್ಲಾಡಿಲ್ಲ."

ಮಾಮನನ್ನು ಹೊರಗೆ ಎಳೆದು ತಂದು ಕೂರಿಸಿ ಕಾಫಿ ಕೊಟ್ಟರು. "ಇದು ಮೂಕ ಟೈರು ಮಾರಾಯರೇ," ಅಂದರು ಅವರು. "ಹಿಡಿಯೋದು ಚೆನ್ನಾಗೇ ಹಿಡಿಯುತ್ತೆ. ಆದ್ರೆ ಹೇಳದೆ ಕೇಳದೆ ಎದ್ದು ಹೋಗುತ್ತೆ. ಹೊಸಬರಿಗೆ ಕೊಡಬೇಡಿ ಇದನ್ನ. ನನಗೂ ಕೊಡಬೇಡಿ ಇನ್ನು." ಅಂಕದ ಹಾಳೆಯಲ್ಲಿ ಮೂರು ಎಂದು ಬರೆದರು. ಅವಳಿಗಿಂತ ಒಂದು ಕಡಿಮೆ.

ಮೇಷ್ಟ್ರು ಅವಳ ಕಡೆ ನೋಡಿದರು. ಅವಳಿಗೆ ಗೆದ್ದ ಸಂತೋಷ ಆಗಬೇಕಿತ್ತು. ಬಂದದ್ದು ನಿದ್ದೆ. ಅಲ್ಲೇ ಕುರ್ಚಿಯಲ್ಲಿ ಕಣ್ಣು ಮುಚ್ಚಿದರೆ ಸಂಜೆವರೆಗೂ ಮಲಗಿಬಿಡುತ್ತೇನೆ ಅನ್ನಿಸಿತು.

ಆದರೆ ಮೂರನೆಯ ಜೊತೆ ಉಳಿದಿತ್ತು. ಮಾಮ ಹಟ ಹಿಡಿದು ಮತ್ತೆ ಕಾರು ಹತ್ತಿದರು. ಆ ಟೈರಿನಲ್ಲಿ ಕಾರು ಗಿರಕಿ ಹೊಡೆಯಲಿಲ್ಲ, ತಟ್ಟನೆ ಜಾರಲೂ ಇಲ್ಲ. ಇಳಿದು ಬಂದು ಅವರು ಐದು ಎಂದು ಬರೆದರು.

"ಸ್ಟೇರಿಂಗ್ ತಿರುಗಿಸಿದ್ರೆ ಮೂತಿ ತಡವಾಗಿ ಬರುತ್ತೆ. ಕೂಗಿದ್ರೆ ಎರಡನೇ ಸಲಕ್ಕೆ ಓಗೊಡೋರ ಹಾಗೆ. ಎಡಕ್ಕೆ ತಿರುಗುವಾಗ ಇನ್ನೂ ಜಾಸ್ತಿ. ಇದಕ್ಕೆ ಯಾರು ಎಂಟು ಕೊಟ್ಟಿದ್ದು?"

ಹಾಳೆಯ ಹಿಂದೆ ಹಳೆಯ ಅಂಕ ಅಳಿಸದೆ ಉಳಿದಿತ್ತು.

"ನಾನು ಮಾಮ," ಅಂದಳು ಅವಳು.

ಎಡಗಿವಿ. ಕಾರು ತಡವಾಗಿ ತಿರುಗುತ್ತಿತ್ತು, ಅವಳ ಕಿವಿಯೂ ತಡವಾಗಿ ಹೇಳುತ್ತಿತ್ತು. ಎರಡು ತಡಗಳು ಒಂದಕ್ಕೊಂದು ಸರಿಹೋಗಿ ಅವಳಿಗೆ ಎಲ್ಲವೂ ಸರಿಯಾಗಿದೆ ಅನ್ನಿಸಿತ್ತು. ಮೇಷ್ಟ್ರು ಅದನ್ನು ಗ್ರಾಫಿಲ್ಲದೆಯೇ ವಿವರಿಸಲು ಹೊರಟರು. ಅವಳು ಕೈಯೆತ್ತಿ, "ಗೊತ್ತಾಯ್ತು ಬಿಡಿ ಮೇಷ್ಟ್ರೇ," ಅಂದಳು.

ಮೂಕ ಟೈರನ್ನು ಬದಿಗಿಟ್ಟರು. ಸ್ಟೇರಿಂಗ್ ಎಷ್ಟು ಬಿಗಿಯಿದೆ ಎಂದು ಅಳೆಯುವ ಗೆರೆಯನ್ನು ಮೇಷ್ಟ್ರು ಮತ್ತೆ ತೆಗೆದು ನೋಡಿದಾಗ ಅದರಲ್ಲೂ ಅದೇ ಕಂಡಿತು. ಬಿಗಿ ಕೊನೆಯವರೆಗೂ ಇಳಿಯದೆ, ಕೊನೆಗೆ ಪ್ರಪಾತದಂತೆ ಬಿದ್ದಿತ್ತು. ಇಷ್ಟು ದಿನ ಸುತ್ತಿಗೊಂದು ಸರಾಸರಿ ತೆಗೆದು ನೋಡುತ್ತಿದ್ದದ್ದರಿಂದ ಆ ಪ್ರಪಾತ ಕಣ್ಣಿಗೆ ಬಿದ್ದಿರಲಿಲ್ಲ. ಅವಳ ಉಳಿದ ಹಾಳೆಗಳ ಮೇಲೆ ಕೆಂಪು ಗೆರೆ ಎಳೆದರು. ಇಬ್ಬರು ಹೊಸ ಚಾಲಕರು, ಒಬ್ಬ ಹುಡುಗ ಒಬ್ಬಳು ಹುಡುಗಿ, ಎಲ್ಲವನ್ನೂ ಮೊದಲಿನಿಂದ ಪರೀಕ್ಷೆ ಮಾಡಿದರು. ಮೇಲಿನವರಿಂದ ಅವಳಿಗೆ ಎಚ್ಚರಿಕೆಯ ಪತ್ರ ಬಂತು, ಕೆಲಸ ಹೋಗಲಿಲ್ಲ. ಟೈರು ಜೋಡಿಸುವ ಶೆಡ್ಡಿಗೆ ಹಾಕಿದರು. ಗಾಳಿ ನೋಡುವುದು, ಬಿಸಿ ನೋಡುವುದು. ಓಡಿ ಬಂದ ಟೈರಿನ ಒಳಅಂಚು, ನಡು, ಹೊರಅಂಚು ಮೂರು ಕಡೆ ಬಿಸಿ ಅಳೆಯುವ ಯಂತ್ರದ ಮುಳ್ಳನ್ನು ರಬ್ಬರಿಗೆ ಚುಚ್ಚಿ ಯಾವುದು ಎಷ್ಟು ಬಿಸಿ ಎಂದು ಬರೆದುಕೊಳ್ಳುವುದು. ನಡು ಬಿಸಿಯಾಗಿದ್ದರೆ ಗಾಳಿ ಹೆಚ್ಚು, ಎರಡಂಚು ಬಿಸಿಯಾಗಿದ್ದರೆ ಗಾಳಿ ಕಮ್ಮಿ.

ಅತ್ತೆಗೆ ಇಷ್ಟೂ ಸಂಗತಿ ಮಗನಿಂದ ತಿಳಿಯಿತು. ಅವರು ಏನಾದರೂ ಚುಚ್ಚುತ್ತಾರೆ ಎಂದು ಅವಳು ಕಾದಳು. ಅವರು ಡಾಕ್ಟರು ಹೇಳಿಕೊಟ್ಟ ತಲೆಯ ವ್ಯಾಯಾಮಕ್ಕೆ ದಿನಾ ಬೆಳಗ್ಗೆ ಅವಳ ಪಕ್ಕ ಮಂಚದ ಮೇಲೆ ಕೂತು, ಎಡಕ್ಕೆ ಮಲಗು, ಬಲಕ್ಕೆ ಮಲಗು ಎಂದು ಎಣಿಸಿದರು. "ನನಗೂ ತಲೆ ತಿರುಗ್ತಿದೆ ಕಣಮ್ಮಾ ನಿನ್ನ ನೋಡಿ," ಎಂದಷ್ಟೇ ಅಂದರು.

ಹನ್ನೊಂದು ತಿಂಗಳ ಮೇಲೆ ಡಾಕ್ಟರು ಕಿವಿ ಸರಿಯಾಗಿದೆ, ಓಡಿಸಬಹುದು ಎಂದು ಚೀಟಿ ಕೊಟ್ಟರು. ಮೇಷ್ಟ್ರು ಡ್ರಾಯರಿನಿಂದ ಪಾಸು ತೆಗೆದುಕೊಟ್ಟರು. ಅವಳು ಕಾರು ಹತ್ತಿ ಎಡಕ್ಕೆ ಆರು ಸುತ್ತು ಸುತ್ತಿದಳು. ಕೈಗೆ ಎಲ್ಲವೂ ನೆನಪಿತ್ತು. ಸ್ಟೇರಿಂಗ್ ಹಗುರವಾದದ್ದು ತಿಳಿಯಿತು, ಮೂತಿ ಹೊರಟದ್ದು ತಿಳಿಯಿತು, ಬೆರಳಂಚಿನಲ್ಲಿ ಅದನ್ನು ಒಳಗೆ ತಂದಳು. ಎಲ್ಲೂ ಗೋಡೆ ಓಡಲಿಲ್ಲ. ಏಳನೆಯ ಸುತ್ತಿಗೆ ಹೋಗದೆ ನಿಲ್ಲಿಸಿ ಇಳಿದು ಬಂದಳು.

"ಯಾಕಕ್ಕಾ? ತಲೆ?" ಮೇಷ್ಟ್ರು ಓಡಿ ಬಂದರು.

"ತಲೆ ಚೆನ್ನಾಗಿದೆ."

"ಮತ್ತೆ?"

"ಸಾಕು ಅನ್ನಿಸ್ತು ಮೇಷ್ಟ್ರೇ. ಆ ಹೊಸಬಳಿಗೆ ಕೊಡಿ, ಚೆನ್ನಾಗಿ ಓಡಿಸ್ತಾಳೆ. ಕೈ ಮಾತ್ರ ಸ್ವಲ್ಪ ಅವಸರ, ಹೇಳ್ತೀನಿ ಅವಳಿಗೆ."

ಪಾಸನ್ನು ಮೇಷ್ಟ್ರ ಕೈಗಿಟ್ಟು ಅವಳು ಶೆಡ್ಡಿಗೆ ಹೋಗಿ ಉಳಿದ ಆರು ಟೈರಿನ ಬಿಸಿ ನೋಡಿ ಬರೆದಳು.

ಆ ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕಿಟಕಿಗೆ ತಲೆಯಿಟ್ಟವಳಿಗೆ ಯಾವಾಗ ಕಣ್ಣು ಹತ್ತಿತೋ ತಿಳಿಯಲಿಲ್ಲ. ಎಚ್ಚರವಾಗುವಷ್ಟರಲ್ಲಿ ಅವಳು ಇಳಿಯಬೇಕಾದ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಬಂದಾಗಿತ್ತು. ಕಂಡಕ್ಟರು, "ಎಬ್ಬಿಸಬೇಕು ಅಂದ್ಕೊಂಡೆ, ಅಷ್ಟು ಚೆನ್ನಾಗಿ ಮಲಗಿದ್ರಿ, ಮನಸ್ಸು ಬರ್ಲಿಲ್ಲ," ಅಂದ. ಅವಳು ಇಳಿದು, ಸೆರಗು ಸರಿಮಾಡಿಕೊಂಡು, ಇನ್ನೂ ಬೆಳಕಿದ್ದ ರಸ್ತೆಯಲ್ಲಿ ಮನೆಯ ಕಡೆ ನಡೆಯತೊಡಗಿದಳು.